ಭಾರಪ್ಪ ಪಾತ್ರೆ ತೊಳೆದ ವಾರ

ನನ್ನ ಗಂಡನಿಗೆ ಮನೆಗೆಲಸ ಬರುವುದಿಲ್ಲ ಎಂದು ನಾನು ಯಾವತ್ತೂ ದೂರಿದವಳಲ್ಲ. ಅದು ಅವರಿಗೆ ಅರ್ಥವೇ ಆಗುವುದಿಲ್ಲ ಎನ್ನುವುದಷ್ಟೇ ನನ್ನ ದೂರು. 'ಹಾಲು ಉಕ್ಕೋ ಮುಂಚೆ ಒಲೆ ಆರಿಸಿ' ಎಂದರೆ, 'ಮುಂಚೆ ಅಂದ್ರೆ ಎಷ್ಟು ಮುಂಚೆ?' ಎಂದು ಕೇಳುತ್ತಾರೆ. ನಾನು ಉತ್ತರ ಹುಡುಕುವಷ್ಟರಲ್ಲಿ ಹಾಲು ಉಕ್ಕಿರುತ್ತದೆ. 'ನೋಡಿದ್ಯಾ, ನಂಗೆ ಬಿಡಿಸಿ ಹೇಳ್ಬೇಕು ಕಣೇ,' ಎಂದು ಸೋಫಾಕ್ಕೆ ಮರಳುತ್ತಾರೆ. ಒಲೆಯ ಮೇಲಿನ ಕಲೆಯನ್ನು ಉಜ್ಜುವುದು ಹೇಗೆಂದು ನನಗೆ ಮಾತ್ರ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸೋಫಾದ ಮೇಲೆ ಅವರು ಸುಮ್ಮನೆ ಮಲಗಿರುತ್ತಾರೆ ಎಂದು ತಿಳಿಯಬೇಡಿ. ಲೋಕರಕ್ಷಣೆ ಮಾಡುತ್ತಿರುತ್ತಾರೆ. ಮಕ್ಕಳ ವಾರಪತ್ರಿಕೆಯೊಂದರಲ್ಲಿ ಹನ್ನೊಂದು ವರ್ಷದಿಂದ ಬರುತ್ತಿರುವ 'ಪಂಚಬಲ' ಎಂಬ ಚಿತ್ರಕಥೆಯ ಲೇಖಕರು ಅವರು. ಅದು ಐವರು ಮಹಾವೀರರ ತಂಡ. ಬೇಕೆಂದಾಗ ಬಂಡೆಗಿಂತ ಭಾರವಾಗುವ ಭಾರಪ್ಪ, ಹಬೆಯಾಗಿ ಬೀಗದ ತೂತಿನಲ್ಲಿ ನುಗ್ಗುವ ಹಬೆಯಮ್ಮ, ಒಬ್ಬನೇ ಇಬ್ಬರಾಗುವ ಇಮ್ಮಡಿ, ಕಬ್ಬಿಣವನ್ನು ಕೈಬೀಸಿ ಕರೆಯುವ ಅಯಸ್ಕಾಂತಿ, ಕೇಳಿದ ಸದ್ದನ್ನು ಸಿಡಿಲಾಗಿ ಹಿಂದಿರುಗಿಸುವ ಮಾರ್ದನಿ. ವಾರಕ್ಕೆ ಹನ್ನೆರಡು ಪುಟ. ಹನ್ನೆರಡನೆಯ ಪುಟದ ಕೊನೆಯಲ್ಲಿ ಲೋಕ ಉಳಿಯುತ್ತದೆ. ಉಳಿಯದಿದ್ದರೆ ಮುಂದಿನ ವಾರ ಉಳಿಯುತ್ತದೆ.

ಈ ಲೋಕರಕ್ಷಣೆಯ ವಿಧಾನ ಹೀಗೆ. ಇವರು ಮಲಗಿಕೊಂಡು ಹೇಳುತ್ತಾರೆ, ನಾನು ಊಟದ ಮೇಜಿನಲ್ಲಿ ಕೂತು ಚೌಕ ಚೌಕವಾಗಿ ಬರೆದುಕೊಳ್ಳುತ್ತೇನೆ: ಚೌಕ ಒಂದರಲ್ಲಿ ಏನು ಕಾಣುತ್ತದೆ, ಯಾರು ಏನು ಹೇಳುತ್ತಾರೆ, ಚೌಕ ಎರಡರಲ್ಲಿ ಏನು. ಇವರು ಭಾರಪ್ಪನ ಬಾಯಲ್ಲಿ ಇಪ್ಪತ್ತೆಂಟು ಪದ ತುರುಕುತ್ತಾರೆ. ಮಾತಿನ ಗುಳ್ಳೆಯಲ್ಲಿ ಹಿಡಿಸುವುದು ಒಂಬತ್ತು. ಮಿಕ್ಕ ಹತ್ತೊಂಬತ್ತಕ್ಕೆ ಕತ್ತರಿ ಹಾಕುವವಳು ನಾನು. ಹತ್ತನೆಯ ಪುಟಕ್ಕೇ ಇವರಿಗೆ ನಿದ್ದೆ ಬಂದರೆ ಉಳಿದೆರಡು ಪುಟ ತುಂಬಿಸಿಡುವವಳೂ ನಾನು. ಪುಟಗಳು ಚಿತ್ರಗಾರನ ಬಳಿಗೆ ಹೋಗಿ, ಚಿತ್ರವಾಗಿ ಮತ್ತೆ ನಮ್ಮ ಮನೆಗೇ ಬರುತ್ತವೆ. ಖಾಲಿ ಗುಳ್ಳೆಗಳಲ್ಲಿ ಸಣ್ಣ ನಿಬ್ಬು, ಕಪ್ಪು ಶಾಯಿ ಹಿಡಿದು ಅಕ್ಷರ ಬರೆಯುವವಳು ಇನ್ಯಾರು?

ಮೊದಲ ಪುಟದ ಕೆಳಗೆ ಒಂದು ಪುಟ್ಟ ಚೌಕಟ್ಟಿದೆ. ಅದರಲ್ಲಿ 'ಕಥೆ' ಎಂದು ಬರೆದು ಇವರ ಹೆಸರನ್ನೂ, 'ಚಿತ್ರ' ಎಂದು ಬರೆದು ಚಿತ್ರಗಾರನ ಹೆಸರನ್ನೂ ಅಂದವಾಗಿ ಬರೆಯುತ್ತೇನೆ. ಹನ್ನೊಂದು ವರ್ಷದಲ್ಲಿ ಐನೂರಕ್ಕೂ ಹೆಚ್ಚು ಸಲ ಬರೆದಿದ್ದೇನೆ. ಎರಡೂ ಹೆಸರು ಬರೆದ ಮೇಲೆ ಕೆಳಗೆ ಒಂದು ಬೆರಳಷ್ಟು ಜಾಗ ಖಾಲಿ ಉಳಿಯುತ್ತದೆ. ನನ್ನ ಹೆಸರಿಗೆ ಅಷ್ಟು ಸಾಕು. (ಅಳೆದು ನೋಡಿದ್ದೇನೆ.)

ಒಮ್ಮೆ ಕೇಳಿಯೂ ಇದ್ದೆ. 'ಅಲ್ಲಿ ನನ್ನ ಹೆಸರೂ ಒಂದು ಹಾಕ್ಲೇನ್ರೀ?'

'ಯಾತಕ್ಕೆ? ನನ್ನ ಹೆಸರಿದ್ರೆ ನಿನ್ನದೂ ಇದ್ದ ಹಾಗೇ ಅಲ್ವಾ?'

ಈ ತರ್ಕ ಪಾತ್ರೆಗಳಿಗೂ ಅನ್ವಯಿಸುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಆಮೇಲೆ ಹೊಳೆಯಿತು, ಅನ್ವಯಿಸುತ್ತಲೇ ಇದೆ. ನಾನು ತೊಳೆದರೆ ಅವರು ತೊಳೆದ ಹಾಗೇ.

ನಮ್ಮ ಮನೆಯಲ್ಲಿ ಸಂಜೆಯ ಟೀ ಜೊತೆಗೆ ಒಂದು ವಾದ ಇರುತ್ತದೆ. ಒಂದು ಪಕ್ಷ ಇವರು, ಎದುರು ಪಕ್ಷ ನಮ್ಮ ಅತ್ತೆ. ಅತ್ತೆಗೆ ಎಪ್ಪತ್ತಮೂರು, ಮೊಣಕಾಲು ಬಗ್ಗುವುದಿಲ್ಲ, ಅಭಿಪ್ರಾಯವೂ ಬಗ್ಗುವುದಿಲ್ಲ. ಪಂಚಬಲದ ಒಂದು ಸಂಚಿಕೆಯನ್ನೂ ಬಿಟ್ಟವರಲ್ಲ.

'ಓದೋರು ಕೊಳ್ಳೋದು ಬರಹಗಾರನ್ನ ನೋಡಿ ಅಮ್ಮ,' ಎಂದು ಇವರು ಶುರುಮಾಡುತ್ತಾರೆ.

'ನಿನ್ನ ಹೆಸರು ಯಾರಿಗೋ ಗೊತ್ತು? ಮಕ್ಕಳು ಅಂಗಡೀಲಿ "ಭಾರಪ್ಪ ಬಂದ್ನಾ" ಅಂತ ಕೇಳ್ತಾವೆ. ನೀನು ಬಂದ್ಯಾ ಅಂತ ಯಾರೂ ಕೇಳಲ್ಲ.'

'ಭಾರಪ್ಪ ಅನ್ನೋನು ಇಲ್ಲಮ್ಮ. ನಾನು ಬಾಯಿ ಮುಚ್ಚಿದ್ರೆ ಅವನೂ ಮುಚ್ಚಿದ.'

'ನೀನು ಬಿಟ್ರೆ ಇನ್ನೊಬ್ಬ ಬರೀತಾನೆ. ಭಾರಪ್ಪ ಬಿಟ್ರೆ ಪತ್ರಿಕೆ ಬಾಗಿಲು ಹಾಕುತ್ತೆ. ಹೋದ ವರ್ಷ ಹಬೆಯಮ್ಮನ್ನ ಎಂಟು ವಾರ ಸೀಸೇಲಿ ಕೂಡಿಹಾಕಿದ್ಯಲ್ಲ, ತಪ್ಪು ಅದು. ಅವಳು ಅಂಥೋಳಲ್ಲ. ಮುಚ್ಚಳ ಹಾರಿಸ್ಕೊಂಡು ಬರೋಳು.'

'ನಂಗೇ ಹೇಳ್ಕೊಡ್ತೀಯಾ? ಅವಳನ್ನ ಸೃಷ್ಟಿ ಮಾಡಿದ್ದು ನಾನು!'

'ನಿನ್ನ ಸೃಷ್ಟಿ ಮಾಡಿದ್ದು ನಾನು. ನನ್ನ ಮಾತು ಕೇಳ್ತೀಯಾ?'

ಇಲ್ಲಿಗೆ ಬಂದಾಗ ಇಬ್ಬರೂ ನನ್ನ ಕಡೆ ತಿರುಗುತ್ತಾರೆ. 'ನೀನು ಹೇಳೇ. ಬರೆಯೋನು ಮುಖ್ಯಾನೋ, ಪಾತ್ರ ಮುಖ್ಯಾನೋ?' ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ. ಸಾಹಿತ್ಯ ಚರ್ಚೆಗೆ ಲೋಟ ತಾನಾಗಿ ಖಾಲಿಯಾಗುತ್ತದೆ, ತಾನಾಗಿ ಶುಚಿಯಾಗುವುದಿಲ್ಲ.

ಹೀಗಿರುವಾಗ ಊರಾಚೆಯಿರುವ ನನ್ನ ಅಕ್ಕನಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ನಾನು ಎರಡು ದಿನ ಅಲ್ಲಿರಬೇಕು. ಅತ್ತೆ ಅಡುಗೆಮನೆಯಲ್ಲಿ ನಿಲ್ಲಲಾರರು. ಉಳಿದವರು ಇವರು. 'ಏನೇನು ಮಾಡ್ಬೇಕು ಅಂತ ಬರೆದಿಟ್ಟು ಹೋಗು, ಬಿಡಿಸಿ ಬರಿ,' ಎಂದು ಅಪ್ಪಣೆ ಕೊಟ್ಟು ತಿರುಗಾಡಲು ಹೋದರು.

ಬಿಡಿಸಿ ಬರೆಯಲು ಕೂತವಳಿಗೆ ಒಂದು ದಿವ್ಯವಾದ ಉಪಾಯ ಹೊಳೆಯಿತು. ಈ ಮನುಷ್ಯನಿಗೆ ಪಟ್ಟಿ ಅರ್ಥವಾಗುವುದಿಲ್ಲ. ಅರ್ಥವಾಗುವುದು ಚೌಕ. ಚೌಕದಲ್ಲೇ ಹೇಳಿದರೆ? ಕೂಡಲೇ ಪಂಚಬಲದ ಪುಟಗಳನ್ನು ಬರೆಯುವ ಗೆರೆ ಹಾಕಿದ ಹಾಳೆ ತೆಗೆದೆ.

'ಚೌಕ ಒಂದು. ಅಡುಗೆಮನೆ, ಬೆಳಗ್ಗೆ ಆರೂವರೆ. ಸಿಂಕಿನಲ್ಲಿ ಪಾತ್ರೆಗಳ ಬೆಟ್ಟ. ಮುಂದೆ ಭಾರಪ್ಪ ಕೈಕಟ್ಟಿ ನಿಂತಿದ್ದಾನೆ. ಭಾರಪ್ಪ: ಇದು ತಾನಾಗಿ ಹೋಗುವುದಿಲ್ಲವೇ? ಅಯಸ್ಕಾಂತಿ: ಹನ್ನೊಂದು ವರ್ಷ ಕಾದೆ. ಹೋಗಲಿಲ್ಲ.

ಚೌಕ ಎರಡು. ಭಾರಪ್ಪ ತಳ ಹತ್ತಿದ ಬಾಣಲೆ ಉಜ್ಜುತ್ತಾನೆ. ಹಿಂಬದಿಯನ್ನೂ. ಭಾರಪ್ಪ: ಬಾಣಲೆಗೆ ಹಿಂಬದಿ ಇದೆಯೇ!

ಚೌಕ ಮೂರು. ಹಬೆಯಮ್ಮ ಹಾಲಿನ ಮುಂದೆ. ಅಂಚಿನಲ್ಲಿ ಗುಳ್ಳೆ ಕಟ್ಟಿದ ಕೂಡಲೇ ಒಲೆ ಆರಿಸುತ್ತಾಳೆ. ಹಬೆಯಮ್ಮ: ಮುಂಚೆ ಎಂದರೆ ಇಷ್ಟು ಮುಂಚೆ.'

ಇಮ್ಮಡಿ ಇಬ್ಬರಾದ, ಒಬ್ಬ ಬಟ್ಟೆ ಒಗೆಯಲು, ಇನ್ನೊಬ್ಬ ಒಣಹಾಕಲು. (ಇಬ್ಬರೂ ಸೋಫಾದ ಕಡೆ ನೋಡುತ್ತಿದ್ದರು.) ಮಾರ್ದನಿ ಅತ್ತೆಯ ಮಾತ್ರೆಯ ಹೊತ್ತಿಗೆ ಮೊದಲನೆಯ ಕೂಗಿಗೇ ಓಗೊಟ್ಟ. ಎರಡು ಪುಟ ತುಂಬಿತು. ಹಾಳೆಗಳನ್ನು ಊಟದ ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಕೆಳಗಿಟ್ಟು, ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡು ಬಸ್ಸು ಹತ್ತಿದೆ.

ಮೂರನೆಯ ದಿನ ಬಂದು ನೋಡಿದರೆ ಸಿಂಕಿನಲ್ಲಿ ಬೆಟ್ಟವಿರಲಿಲ್ಲ, ಬೆಟ್ಟದ ಸಾಲಿತ್ತು. ಒಗೆಯುವ ಬಟ್ಟೆ ಬುಟ್ಟಿಯಿಂದ ಇಳಿದು ಬಾಗಿಲತನಕ ಬಂದಿತ್ತು. ಸಕ್ಕರೆ ಡಬ್ಬಿಯ ಕೆಳಗೆ ಹಾಳೆ ಇರಲಿಲ್ಲ.

'ನಾನು ಬರೆದಿಟ್ಟಿದ್ದ ಎರಡು ಪುಟ ಓದಿದ್ರಾ?'

'ಓದ್ದೆ ಓದ್ದೆ. ಚೆನ್ನಾಗಿತ್ತು,' ಎಂದರು ಇವರು ಪೇಪರಿನಿಂದ ಕಣ್ಣೆತ್ತದೆ.

ಓದಿಯೂ ಹೀಗೆಯೇ! ನಾನು ಆಡುವ ಮಾತು ಬೇಕಾದಷ್ಟಿತ್ತು. ಆದರೆ ಮಾತಾಡುತ್ತ ನಿಂತರೆ ಪಾತ್ರೆ ಒಣಗುತ್ತದೆ. ಸೆರಗು ಸಿಕ್ಕಿಸಿಕೊಂಡೆ.

ಮುಂದಿನ ವಾರ ಚಿತ್ರಗಾರನಿಂದ ಲಕೋಟೆ ಬಂತು. ಇವರು ಕ್ಷೌರಕ್ಕೆ ಹೋಗಿದ್ದರು. ಪುಟಗಳನ್ನು ಮೇಜಿನ ಮೇಲೆ ಹರಡಿ ಗುಳ್ಳೆ ತುಂಬುತ್ತ ಬಂದೆ. ಆ ವಾರದ ಖಳ ಸೂರ್ಯನನ್ನು ಪೆಟ್ಟಿಗೆಯಲ್ಲಿ ಕಟ್ಟಿ ಒಯ್ಯುತ್ತಿದ್ದ. ಹತ್ತನೆಯ ಪುಟದ ಕೊನೆಯಲ್ಲಿ ಪಂಚಬಲದವರು ಅವನ ಗುಹೆಯ ಬಾಗಿಲು ಒಡೆದು ಒಳಗೆ ಧುಮುಕಿದರು. ಹನ್ನೊಂದನೆಯ ಪುಟ ತಿರುವಿದೆ. ಅಡುಗೆಮನೆ. ಬೆಳಗ್ಗೆ ಆರೂವರೆ. ಸಿಂಕಿನ ಮುಂದೆ ಭಾರಪ್ಪ.

ಆಗಿದ್ದು ಏನೆಂದು ಆಮೇಲೆ ತಿಳಿಯಿತು. ನಾನಿಲ್ಲದ ಆ ಎರಡು ದಿನ ಇವರು ತಾವೇ ಬರೆದುಕೊಂಡ ಕಥೆ ಹತ್ತನೆಯ ಪುಟಕ್ಕೇ ಬತ್ತಿಹೋಗಿತ್ತು. ಮೇಜಿನ ಮೇಲೆ ನನ್ನ ಕೈಬರಹದ ಎರಡು ಪುಟ ಕಂಡವು. ಎಂದಿನಂತೆ ನಾನೇ ತುಂಬಿಸಿಟ್ಟಿದ್ದೇನೆಂದು ತಿಳಿದು, ಹತ್ತಕ್ಕೆ ಎರಡು ಸೇರಿಸಿ, ಹನ್ನೆರಡು ಸರಿಯಾಯಿತೆಂದು ಲಕೋಟೆ ಅಂಟಿಸಿ ಕಳಿಸಿದ್ದರು. ಒಂದು ಸಾಲು ಓದಿರಲಿಲ್ಲ. ಚಿತ್ರಗಾರನೋ, ಕೊಟ್ಟದ್ದನ್ನು ಕೊಟ್ಟ ಹಾಗೆ ಬರೆಯುವ ಪ್ರಾಮಾಣಿಕ. (ಒಮ್ಮೆ ಹಾಳೆಯ ಮೇಲೆ ನಾನು ಚೆಲ್ಲಿದ ಟೀ ಕಲೆಯನ್ನು ಹೊಸ ರಾಕ್ಷಸನೆಂದು ತಿಳಿದು ಎಂಟು ಕಾಲು ಕೊಟ್ಟಿದ್ದ.)

ಹೇಳಬೇಕಿತ್ತು. ಪತ್ರಿಕೆಗೆ ಫೋನು ಮಾಡಬೇಕಿತ್ತು, ಸೂರ್ಯನನ್ನು ಬಿಡಿಸಬೇಕಿತ್ತು. ಫೋನಿನತನಕ ಹೋದೆ ಕೂಡ. ಹೋಗುವ ಮುಂಚೆ ಚಿತ್ರದಲ್ಲಿದ್ದ ಬಾಣಲೆಯ ಹಿಂಬದಿಯನ್ನು ಇನ್ನೊಮ್ಮೆ ನೋಡಿದ್ದೇ ತಪ್ಪಾಯಿತು. ಅದರ ಒಂದೊಂದು ಪದರ ಕಪ್ಪನ್ನೂ ಆ ಪುಣ್ಯಾತ್ಮ ಗೆರೆ ಗೆರೆಯಾಗಿ ಬರೆದಿದ್ದ. ಭಾರಪ್ಪನ ಹಣೆಯ ಮೇಲೆ ಬೆವರು. ಪರ್ವತ ಎತ್ತಿದಾಗಲೂ ಬಾರದಿದ್ದ ಬೆವರು. ಹಿಂತಿರುಗಿ ಬಂದು ನಿಬ್ಬನ್ನು ಶಾಯಿಯಲ್ಲಿ ಅದ್ದಿದೆ. 'ಬಾಣಲೆಗೆ ಹಿಂಬದಿ ಇದೆಯೇ!' ನನ್ನ ಜೀವನದಲ್ಲೇ ಅಷ್ಟು ದುಂಡಗೆ ಬರೆದಿರಲಿಲ್ಲ.

ಕೊನೆಗೆ ಮೊದಲ ಪುಟದ ಚೌಕಟ್ಟು. ಎರಡು ಹೆಸರು ಬರೆದೆ. ಬೆರಳಷ್ಟು ಜಾಗದ ಮೇಲೆ ನಿಬ್ಬು ಸ್ವಲ್ಪ ಹೊತ್ತು ನಿಂತಿತು. ಅಷ್ಟು ಧೈರ್ಯ ಬರಲಿಲ್ಲ. ಒರೆಸಿ ಇಟ್ಟುಬಿಟ್ಟೆ.

ಸಂಚಿಕೆ ಬಂದ ದಿನ ಮೊದಲು ಓದಿದವರು ಅತ್ತೆ. ನಕ್ಕು ನಕ್ಕು ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಏನೆಂದು ನೋಡಲು ಬಂದ ಇವರು ಓದಿ, ಮತ್ತೆ ಓದಿ, ಮುಖಪುಟ ತಿರುಗಿಸಿ ಪತ್ರಿಕೆ ಅದೇ ಹೌದೇ ಎಂದು ಖಚಿತ ಮಾಡಿಕೊಂಡರು.

'ಇದೇನೇ ಇದು? ಸೂರ್ಯ ಎಲ್ಲಿ?'

'ನೀವು ಓದಿದ್ರಲ್ಲ. ಚೆನ್ನಾಗಿತ್ತು ಅಂದ್ರಿ.'

ಎರಡು ದಿನ ಫೋನು ಬಡಿದುಕೊಂಡಾಗಲೆಲ್ಲ ಇವರು ಬಚ್ಚಲಿಗೆ ಹೋದರು. ಮೂರನೆಯ ದಿನ ಪತ್ರಿಕೆಯ ಸಂಪಾದಕಿಯೇ ಮನೆಗೆ ಬಂದರು. ಅವರ ಕೈಯಲ್ಲಿ ಒಂದು ಚೀಲ, ಚೀಲದ ತುಂಬ ಕಾಗದ.

'ಹನ್ನೊಂದು ವರ್ಷದಲ್ಲಿ ಇಷ್ಟು ಪತ್ರ ಬಂದಿಲ್ಲ,' ಎಂದು ಚೀಲವನ್ನು ಮೇಜಿನ ಮೇಲೆ ಸುರಿದರು. 'ಸೂರ್ಯ ಎಲ್ಲಿ ಅಂತ ಮೂರೇ ಜನ ಕೇಳಿದ್ದಾರೆ. ಮಿಕ್ಕೋರೆಲ್ಲ ಭಾರಪ್ಪ ಇನ್ನೇನು ತೊಳೀತಾನೆ ಅಂತ ಕೇಳ್ತಿದ್ದಾರೆ. ಒಬ್ಬ ಹುಡುಗಿ ತನ್ನ ಅಪ್ಪನಿಗೆ ಬಾಣಲೆ ತೋರಿಸಿದ್ಲಂತೆ. ಈ ಎರಡು ಪುಟ ಯಾರು ಬರೆದದ್ದು?'

ಇವರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. 'ನಾನು' ಎನ್ನಲು ಸಾಕ್ಷಿಗಳು ಎದುರಿಗೇ ಇದ್ದರು. 'ಇವಳು' ಎನ್ನಲು ನಾಲಿಗೆ ಏಳಲಿಲ್ಲ. ಬರಹಗಾರನೇ ಸರ್ವಸ್ವ ಎಂದು ಹನ್ನೊಂದು ವರ್ಷ ಟೀ ಕುಡಿದ ಮಹಾನುಭಾವರು ಗಂಟಲು ಸರಿಮಾಡಿಕೊಂಡರು.

'ಬರೆಯೋದು ಯಾರು ಮೇಡಂ! ಬರಹಗಾರ ಅನ್ನೋನು ಒಂದು ನೆಪ. ಪಾತ್ರಗಳು ತಾವೇ ಬರೆಸ್ಕೊಳ್ತವೆ. ಹನ್ನೊಂದು ವರ್ಷ ಬೆಳೆದ ಭಾರಪ್ಪ, ಅವನಾಗೇ ಹೋಗಿ ಸಿಂಕಿನ ಮುಂದೆ ನಿಂತ.'

'ಅವನಾಗೇ ನಿಂತ್ನಾ?' ಅತ್ತೆ ಕೋಲೂರಿ ಎದ್ದೇಬಿಟ್ಟರು. 'ಐವತ್ತು ವರ್ಷ ಬೆಳೆದಿದ್ಯಲ್ಲ, ನೀನು ಯಾವತ್ತಾದ್ರೂ ನಿನ್ನಾಗೇ ನಿಂತಿದ್ಯಾ? ನಿಲ್ಲಿಸ್ದೋಳು ಇಲ್ಲಿದ್ದಾಳೆ. ಬರೆದೋರಿಲ್ದೆ ಭಾರಪ್ಪ ಆಕಾಶದಿಂದ ಉದುರ್ತಾನಾ?'

'ಅಮ್ಮ! ಪಾತ್ರಾನೇ ಮುಖ್ಯ ಅಂತ ದಿನಾ ಹೇಳ್ತಿದ್ದೋಳು ನೀನೇ ಅಲ್ವಾ?'

'ನೀನು ಬರೀತಿದ್ದಷ್ಟು ದಿನ ಹಾಗೇ ಇತ್ತಪ್ಪ.'

ಸಂಪಾದಕಿ ನನ್ನ ಕಡೆ ತಿರುಗಿದರು. ಸುತ್ತು ಬಳಸಿ ಮಾತಾಡುವವರಲ್ಲ ಅವರು. 'ವಾರಕ್ಕೆ ಎರಡು ಪುಟ ನಿಮ್ಮದು. ಚೌಕಟ್ಟಲ್ಲಿ ನಿಮ್ಮ ಹೆಸರು. ಶುಕ್ರವಾರ ಪುಟ ನನ್ನ ಮೇಜಿನ ಮೇಲಿರಬೇಕು. ಪುಟ ಬರದ ವಾರ ಹೆಸರೂ ಬರಲ್ಲ, ಆಮೇಲೆ ಆ ಜಾಗ ಬೇರೆಯವರಿಗೆ ಕೊಡ್ತೀನಿ. ಒಪ್ಪಿಗೇನಾ?'

ಒಪ್ಪಿಗೆಯೇ! ಆ ವಾರ ಚೌಕಟ್ಟಿನಲ್ಲಿ ನನ್ನ ಹೆಸರನ್ನು ನಾನೇ ಬರೆದೆ. ಮೊದಲನೆಯ ಅಕ್ಷರಕ್ಕೆ ಶಾಯಿ ಹೆಚ್ಚಾಗಿ ಸ್ವಲ್ಪ ಹರಡಿತು. ಐನೂರು ಸಲ ಬೇರೆಯವರ ಹೆಸರು ಬರೆದಾಗ ಹೀಗಾಗಿರಲಿಲ್ಲ.

ಮೊದಲ ನಾಲ್ಕು ವಾರ ಪುಟಗಳು ಉಕ್ಕಿ ಬಂದವು. ಇಮ್ಮಡಿಯ ಇಬ್ಬರು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಟ್ಟದ್ದು ಯಾರೆಂದು ಪರಸ್ಪರ ಬೆರಳು ತೋರಿಸಿಕೊಂಡರು. ಒಂಟಿ ಕಾಲುಚೀಲದ ಜೋಡಿಗಾಗಿ ಐವರೂ ಪಾತಾಳಕ್ಕೆ ಇಳಿದರು. ಪತ್ರಗಳು ಬಂದವು. ಅವುಗಳಲ್ಲೇ ನನ್ನ ಕೇಡು ಅಡಗಿತ್ತೆಂದು ನನಗೆ ಆಗ ಗೊತ್ತಾಗಲಿಲ್ಲ.

ಓದುಗರಿಗೆ ಇವರ ಹೆಸರು ಹಳೆಯದು, ನನ್ನದು ಹೊಸದು. ಎರಡನ್ನೂ ಸೇರಿಸಿ ಓದಿ, ಭಾರಪ್ಪನ ಹಿಂದಿರುವ ಆದರ್ಶ ಪುರುಷ ಇವರೇ ಎಂದುಕೊಂಡರು. 'ನಿಮ್ಮಂಥ ಗಂಡಸರು ಮನೆಗೊಬ್ಬರು ಇರಬೇಕು' ಎಂದು ಒಬ್ಬ ಹೆಡ್‌ಮೇಡಂ ಬರೆದರು. ಬಸ್‌ಸ್ಟಾಪಿನಲ್ಲಿ ಯಾರೋ ನರ್ಸಮ್ಮ, 'ಬಾಣಲೆ ಸಾರ್ ನೀವೇ ಅಲ್ವಾ?' ಎಂದು ಕೈಮುಗಿದಳಂತೆ. ಹೊಗಳಿಕೆಯೆಂದರೆ ಇವರಿಗೆ ಮೊದಲಿನಿಂದಲೂ ಬಿಡಿಸಿ ಹೇಳದೆಯೇ ಅರ್ಥವಾಗುತ್ತದೆ. ಅಂದು ಸಂಜೆ ಮನೆಗೆ ಬಂದವರೇ ಅಂಗಿಯ ತೋಳು ಮಡಚಿದರು. ಸಿಂಕಿನ ಮುಂದೆ ನಿಂತರು. ನಿಂತವರು ಕದಲಲಿಲ್ಲ.

ಮೊದಲ ವಾರ ಎರಡು ಲೋಟ ಒಡೆದರು. (ಅದರಿಂದ ಒಂದು ಪುಟವಾಯಿತು.) ಎರಡನೆಯ ವಾರ ಬಿಳಿ ಬಟ್ಟೆಯ ಜೊತೆ ಕೆಂಪು ಹಾಕಿದರು. (ಇನ್ನೊಂದು ಪುಟ.) ಮೂರನೆಯ ವಾರದಿಂದ ಏನೂ ಒಡೆಯಲಿಲ್ಲ, ಬಣ್ಣ ಬಿಡಲಿಲ್ಲ, ಉಕ್ಕಲಿಲ್ಲ. ಹಾಲಿನ ಅಂಚಿನಲ್ಲಿ ಗುಳ್ಳೆ ಕಟ್ಟಿದ ಕೂಡಲೇ ಇವರ ಕೈ ಒಲೆಯ ಮೇಲಿರುತ್ತಿತ್ತು. ಈ ಮನುಷ್ಯನಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಹನ್ನೊಂದು ವರ್ಷವೂ ಅರ್ಥವಾಗುತ್ತಿತ್ತು!

ನನಗೆ ಬೇಕಾದಷ್ಟು ಬಿಡುವು ಸಿಕ್ಕಿತು. ಹಾಳೆ ಹರಡಿ ಕೂತೆ. ಏನೂ ಬರಲಿಲ್ಲ. ಹಳೆಯ ಸಿಟ್ಟುಗಳ ಉಗ್ರಾಣವೇ ಇದೆಯಲ್ಲ ಎಂದುಕೊಂಡಿದ್ದೆ. ಆದರೆ ಸಿಟ್ಟು ಬಿಸಿಯಿದ್ದಾಗ ನಗೆಯಾಗುತ್ತದೆ, ಆರಿದ ಮೇಲೆ ಉಪದೇಶವಾಗುತ್ತದೆ. ಭಾರಪ್ಪ ಸಮಾನತೆಯ ಮೇಲೆ ಇಪ್ಪತ್ತೆಂಟು ಪದದ ಭಾಷಣ ಮಾಡಿದ. ಸಂಪಾದಕಿ ಆ ಪುಟ ವಾಪಸು ಕಳಿಸಿ ಅಂಚಿನಲ್ಲಿ ಬರೆದರು: 'ಇದನ್ನು ನಿಮ್ಮ ಮನೆಯವರು ಬರೆದರೇ?'

ಗುರುವಾರ ಮಧ್ಯಾಹ್ನ ಅವರೇ ಫೋನು ಮಾಡಿದರು. 'ನಾಳೆ ಶುಕ್ರವಾರ. ಬರುತ್ತಾ, ಇಲ್ವಾ? ಇಲ್ಲಾಂದ್ರೆ ಪದಬಂಧ ಹಾಕ್ತೀನಿ.'

ಪದಬಂಧ! ನನ್ನ ಹೆಸರಿನ ಜಾಗದಲ್ಲಿ ಪದಬಂಧದವನ ಹೆಸರು. ಅದನ್ನೂ ನಾನೇ ದುಂಡಗೆ ಬರೆಯಬೇಕು.

ಏನಾದರೊಂದು ಹುಳುಕು ಸಿಕ್ಕೀತೆಂದು ಅಡುಗೆಮನೆಗೆ ಹೋದೆ. ಇವರು ಏನೋ ಗುನುಗುತ್ತ ತಟ್ಟೆ ತೊಳೆಯುತ್ತಿದ್ದರು. ಒಲೆ ನೋಡಿದೆ, ಕಲೆಯಿಲ್ಲ. ಒರೆಸುವ ಬಟ್ಟೆ ಹಿಂಡಿ ಹರಡಿತ್ತು. ಕೊನೆಯ ಆಸೆಯಿಂದ ಬಾಣಲೆ ತಿರುಗಿಸಿದೆ. ಅದರ ಹಿಂಬದಿಯಲ್ಲಿ ನನ್ನ ಮುಖ ಕಂಡಿತು.

'ಯಾಕ್ರೀ ಇಷ್ಟು ಚೆನ್ನಾಗಿ ತೊಳೀತೀರಿ?' ಎಂದು ಕಿರುಚಿಬಿಟ್ಟೆ.

'ನಾನೇನೇ ತಪ್ಪು ಮಾಡ್ದೆ?'

'ಏನೂ ಮಾಡ್ತಿಲ್ಲ, ಅದೇ ತೊಂದರೆ! ಕೊಡಿ ಇಲ್ಲಿ.' ಅವರ ಕೈಯಿಂದ ಉಜ್ಜುವ ನಾರು ಕಿತ್ತುಕೊಂಡೆ. 'ಹೋಗಿ ಮಲಗಿ.'

'ಏನಾಯ್ತೇ ಅಲ್ಲಿ?' ಎಂದು ಅತ್ತೆ ಕೋಣೆಯಿಂದ ಕೂಗಿದರು.

'ಏನೂ ಆಗ್ತಿಲ್ಲ ಅತ್ತೆ, ಅದಕ್ಕೇ!'

ಇವರು ಅಂಜುತ್ತಂಜುತ್ತ ಸೋಫಾದ ತುದಿಯಲ್ಲಿ ಕೂತರು, ಆಮೇಲೆ ಒರಗಿದರು, ಆಮೇಲೆ ಕಾಲು ಚಾಚಿದರು. ಮೈಗೆ ರೂಢಿಯಾದದ್ದು ಎಲ್ಲಿ ಹೋಗುತ್ತದೆ? ಹತ್ತು ನಿಮಿಷವಾಗಿರಲಿಲ್ಲ, ಅಲ್ಲಿಂದ ದನಿ ಬಂತು. 'ಏನೇ, ಒಂದು ಲೋಟ ಟೀ ಸಿಗುತ್ತಾ?'

ನನ್ನ ಕಿವಿ ಜುಮ್ಮೆಂದಿತು. ಚೌಕ ಒಂದು ಕಣ್ಣ ಮುಂದೆ ಬಂದು ನಿಂತಿತು.

'ಸಿಗುತ್ತೆ, ಸಿಗುತ್ತೆ! ಇನ್ನೊಂದು ಸಲ ಕೇಳಿ. ಸ್ವಲ್ಪ ಸಿಡುಕಿ.'

'ಎಷ್ಟೊತ್ತೇ ಒಂದು ಟೀಗೆ!'

ಚೌಕ ಎರಡು, ಮೂರು, ನಾಲ್ಕು. ತಟ್ಟೆ ಮುಗಿಯುವಷ್ಟರಲ್ಲಿ ಒಂದು ಪುಟ, ಟೀ ಸೋಸುವಷ್ಟರಲ್ಲಿ ಇನ್ನೊಂದು. ಒದ್ದೆ ಕೈಯಲ್ಲೇ ಹಾಳೆ ಹಿಡಿದು ಗೀಚಿದೆ.

ಲೋಟ ತಂದುಕೊಟ್ಟಾಗ ಇವರು ನನ್ನ ಮುಖವನ್ನು ನಿಜವಾದ ಕಾಳಜಿಯಿಂದ ನೋಡಿದರು. ಅದನ್ನು ಹೇಳದಿದ್ದರೆ ಅನ್ಯಾಯವಾದೀತು.

'ಎಷ್ಟು ದಿನ ಹೀಗೆ?'

'ಶುಕ್ರವಾರದ ತನಕ.'

'ಯಾವ ಶುಕ್ರವಾರ?'

ಗೋಡೆಯ ಕ್ಯಾಲೆಂಡರ್ ಕಡೆ ನೋಡಿದೆ. ಅದರಲ್ಲಿ ಶುಕ್ರವಾರಗಳು ಮೇಲಿನಿಂದ ಕೆಳಗಿನವರೆಗೆ ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಕೆಳಗೆ ಇನ್ನೊಂದು ಹಾಳೆ, ಅದರ ಕೆಳಗೆ ಮತ್ತೊಂದು.

'ಪ್ರತಿ ಶುಕ್ರವಾರದ ತನಕ,' ಎಂದೆ.

ಇವರು ದೊಡ್ಡ ತ್ಯಾಗವೊಂದಕ್ಕೆ ಮನಸ್ಸು ಗಟ್ಟಿಮಾಡಿಕೊಂಡವರಂತೆ ನಿಟ್ಟುಸಿರಿಟ್ಟು, ದಿಂಬು ಸರಿಮಾಡಿಕೊಂಡರು.

'ಆಗ್ಲಿ ಬಿಡು. ನಿನ್ನ ಹೆಸರಿಗೋಸ್ಕರ ಇಷ್ಟೂ ಮಾಡ್ದಿದ್ರೆ ಹೇಗೆ?'